ಸುರುಳಿ ಬಿಚ್ಚಿದ ಕೋಸು, ಬಾಣಲೆಗೆ ಇಳಿದ ಖೀಮಾ

ಅರ್ಧ ಕಿಲೋ ಖೀಮಾ, ಅರ್ಧ ಎಲೆಕೋಸು, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಡಬ್ಬಿ ಟೊಮೆಟೊ. ಪಾತ್ರೆ ಒಂದೇ, ಹೊತ್ತು ಅರ್ಧ ಗಂಟೆ. ಕೆಲಸ ಮುಗಿಸಿ ಸಂಜೆ ಮನೆಗೆ ಬಂದು, ಮಕ್ಕಳು ಹಸಿವೆಂದು ರಾಗ ಎಳೆಯುವುದರೊಳಗೆ ಊಟ ಬಡಿಸಬೇಕಾದ ಅಮೆರಿಕದ ಕುಟುಂಬಗಳು ನೆಚ್ಚಿಕೊಂಡ ಅಡುಗೆಗಳಲ್ಲಿ ಇದೂ ಒಂದು. ಇದನ್ನು ಕಂಡುಹಿಡಿದವರು ಇಂಥವರೇ ಎಂದು ಬೆರಳು ಮಾಡಿ ತೋರಿಸಲಾಗದು. ಆದರೆ ಇದರ ವಂಶಾವಳಿ ಉದ್ದವಾಗಿದೆ, ಸ್ವಾರಸ್ಯವಾಗಿಯೂ ಇದೆ. ಹೆಚ್ಚಿನ ಅಡುಗೆಗಳು ಕಾಲಕಾಲಕ್ಕೆ ಒಂದೊಂದು ಹೊಸದನ್ನು ಸೇರಿಸಿಕೊಂಡು ಬೆಳೆದರೆ, ಇದು ಒಂದೊಂದೇ ಕೆಲಸವನ್ನು ಕಳಚಿಕೊಳ್ಳುತ್ತ ಬಂದಿದೆ.

ಎಲೆಯೊಳಗೆ ಅವಿತ ಮಾಂಸ

ಕೊಚ್ಚಿದ ಮಾಂಸಕ್ಕೆ ಅಕ್ಕಿ ಬೆರೆಸಿ ದ್ರಾಕ್ಷಿ ಎಲೆಯಲ್ಲಿ ಸುತ್ತಿ ಬೇಯಿಸುವುದು ಆಟೊಮನ್ ಸಾಮ್ರಾಜ್ಯದ ಅಡುಗೆಮನೆಗಳಲ್ಲಿ ರೂಢಿಯಾಗಿತ್ತು. ದ್ರಾಕ್ಷಿ ಬೆಳೆಯದ ಚಳಿ ಸೀಮೆಗಳಲ್ಲಿ ಆ ಜಾಗಕ್ಕೆ ಕೋಸಿನ ಎಲೆ ಬಂತು. ಇಂದು ಬಾಲ್ಕನ್ ದೇಶಗಳ ಸರ್ಮಾ, ಪೋಲೆಂಡಿನ ಗೊವೊಂಪ್ಕಿ, ರಷ್ಯಾ ಮತ್ತು ಉಕ್ರೇನಿನ ಗೊಲುಬ್ತ್ಸಿ, ಪೂರ್ವ ಯುರೋಪಿನ ಯಹೂದಿಗಳ ಹೊಲಿಷ್ಕೆಸ್ ಎಲ್ಲವೂ ನೋಡಲು ಒಂದೇ ಬಳಗದವು.

ಸ್ವೀಡನ್ನಿನ ಕಥೆಯಲ್ಲಿ ಒಬ್ಬ ರಾಜನೇ ಇದ್ದಾನೆ. 1709ರಲ್ಲಿ ಪೊಲ್ಟಾವಾ ಯುದ್ಧದಲ್ಲಿ ರಷ್ಯನ್ನರ ಕೈಲಿ ಸೋತ ಹನ್ನೆರಡನೆಯ ಚಾರ್ಲ್ಸ್ ಆಟೊಮನ್ ನೆಲಕ್ಕೆ ಓಡಿಹೋಗಿ, ಬೆಂಡರ್ ಎಂಬ ಊರಿನ ಬಳಿ ವರ್ಷಗಟ್ಟಲೆ ಬೀಡುಬಿಟ್ಟ. ಅವನು ಮರಳುವಾಗ ಸಾಲ ಕೊಟ್ಟವರೂ ವಸೂಲಿಗೆಂದು ಬೆನ್ನು ಹತ್ತಿ ಬಂದರು. ಎಲೆಸುರುಳಿಯ ರುಚಿ ಸ್ವೀಡನ್ನಿಗೆ ತಲುಪಿದ್ದು ಈ ಪರಿವಾರದ ಜೊತೆಗೇ ಎಂದು ಅಲ್ಲಿನವರು ನಂಬುತ್ತಾರೆ. ನಂಬಿಕೆ ಏನೇ ಇರಲಿ, ಅದೇ ಶತಮಾನದಲ್ಲಿ ಅಲ್ಲಿನ ಹೆಸರಾಂತ ಅಡುಗೆ ಪುಸ್ತಕದ ಲೇಖಕಿ ಕೈಸಾ ವಾರ್ಗ್, ದ್ರಾಕ್ಷಿ ಎಲೆ ಸಿಗದವರು ಕೋಸಿನ ಎಲೆ ಬಳಸಬಹುದೆಂದು ದಾರಿ ತೋರಿಸಿದಳು. ಚಾರ್ಲ್ಸ್ ತೀರಿಕೊಂಡ ನವೆಂಬರ್ 30ನ್ನು ಈಗ ಕೋಸುಸುರುಳಿಯ ದಿನವಾಗಿ ಆಚರಿಸುವವರೂ ಅಲ್ಲಿದ್ದಾರೆ.

ಈ ಸುರುಳಿಗಳು ರುಚಿಯಲ್ಲಿ ಎಷ್ಟು ಸೊಗಸೋ ಕೆಲಸದಲ್ಲಿ ಅಷ್ಟೇ ಕಾಟ. ಇಡೀ ಕೋಸನ್ನು ಬಿಸಿನೀರಿನಲ್ಲಿ ಅದ್ದಿ, ಹರಿಯದಂತೆ ಎಲೆ ಬಿಡಿಸಬೇಕು. ನಡುವಿನ ದಪ್ಪ ನರವನ್ನು ಚಾಕುವಿನಿಂದ ಹೆರೆಯಬೇಕು. ಹೂರಣ ಇಟ್ಟು, ಅಂಚು ಮಡಚಿ, ಸುತ್ತಿ, ಬಿಚ್ಚಿಕೊಳ್ಳದಂತೆ ಪಾತ್ರೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಸಣ್ಣ ಉರಿಯಲ್ಲಿ ಒಂದೆರಡು ಗಂಟೆ ಕಾಯಬೇಕು. ಹೀಗಾಗಿ ಇದು ಹಬ್ಬಹರಿದಿನದ ಅಡುಗೆಯಾಗಿ ಉಳಿಯಿತು. ಯಹೂದಿಗಳು ಸುಕ್ಕೋತ್ ಹಬ್ಬಕ್ಕೆ ಮಾಡಿದರು, ಪೋಲೆಂಡಿನವರು ಮದುವೆ ಮನೆಯಲ್ಲಿ ಬಡಿಸಿದರು.

ಸೋಮಾರಿತನಕ್ಕೂ ಒಂದು ಪರಂಪರೆ

ಹಬ್ಬವಿಲ್ಲದ ದಿನವೂ ಆ ರುಚಿ ಬೇಕೆನಿಸಿದರೆ? ಊರೂರಿನ ಗೃಹಿಣಿಯರು ತಮ್ಮ ತಮ್ಮ ಉಪಾಯ ಹೂಡಿದರು. ರಷ್ಯಾದವರು ಕೋಸನ್ನು ಹೆಚ್ಚಿ ಮಾಂಸ, ಅನ್ನದೊಂದಿಗೆ ಕಲೆಸಿ ಬೇಯಿಸಿ, ಅದನ್ನು 'ಸೋಮಾರಿ ಗೊಲುಬ್ತ್ಸಿ' ಎಂದು ಯಾವ ಸಂಕೋಚವೂ ಇಲ್ಲದೆ ಕರೆದರು. ಸ್ವೀಡನ್ನಿನವರು ಹುರಿದ ಕೋಸನ್ನೂ ಮಾಂಸವನ್ನೂ ಪದರಪದರವಾಗಿ ಹರಡಿ ಓವನ್ನಿಗಿಟ್ಟರು. ಉತ್ತರ ಜರ್ಮನಿಯ ಷ್ಮೋರ್‌ಕೋಲ್‌ನಲ್ಲಿ ಕೋಸು, ಖೀಮಾ, ಶಾಜೀರಿಗೆ ಒಂದೇ ಪಾತ್ರೆಯಲ್ಲಿ ಬಾಡುತ್ತವೆ. ಎಲೆಸುರುಳಿಗೆ ಹೆಸರಾದ ಟರ್ಕಿಯಲ್ಲೇ ಕಪುಸ್ಕಾ ಇದೆ: ಹೆಚ್ಚಿದ ಕೋಸು, ಟೊಮೆಟೊ ಪೇಸ್ಟ್, ಒಂದು ಹಿಡಿ ಖೀಮಾ, ಸ್ವಲ್ಪ ಅಕ್ಕಿ ಅಥವಾ ಗೋಧಿನುಚ್ಚು.

ಇಂಗ್ಲೆಂಡಿನ ದಾರಿ ಬೇರೆ. ಮರಿಯಾ ರಂಡೆಲ್ 1806ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ 'ಬಬಲ್ ಅಂಡ್ ಸ್ಕ್ವೀಕ್' ಎಂಬ ಬಗೆಯಿದೆ. ಉಳಿದ ದನದ ಮಾಂಸದ ಹೋಳನ್ನೂ ಕೋಸನ್ನೂ ಬಾಣಲೆಯಲ್ಲಿ ಹುರಿದ ತಿನಿಸು ಅದು. ಮುಂದೆ ಅದರಲ್ಲಿ ಮಾಂಸ ಮರೆಯಾಗಿ ಆಲೂಗೆಡ್ಡೆ ಬಂತು.

ಹಿಡಿಕೆ ತಿರುಗಿಸಿದರೆ ಖೀಮಾ

ಈ ಉಪಾಯಗಳೆಲ್ಲ ಕೂಡಿಕೊಂಡದ್ದು ಅಮೆರಿಕದಲ್ಲಿ. 1880ರ ದಶಕದಿಂದ ಮೊದಲ ಮಹಾಯುದ್ಧದವರೆಗೆ ಪೂರ್ವ ಯುರೋಪಿನಿಂದ ಸುಮಾರು 20 ಲಕ್ಷ ಯಹೂದಿಗಳು ಅಲ್ಲಿಗೆ ವಲಸೆ ಹೋದರು. ಪೋಲೆಂಡ್, ಉಕ್ರೇನಿನ ರೈತಾಪಿ ಜನ ಗಣಿ ಮತ್ತು ಉಕ್ಕಿನ ಕಾರ್ಖಾನೆಗಳಿಗೆ ದುಡಿಯಲು ಬಂದರು. ಕೋಸು ಅಗ್ಗ, ತಂಪಿನಲ್ಲಿಟ್ಟರೆ ವಾರಗಟ್ಟಲೆ ಕೆಡದು. ಖೀಮಾ ಕೂಡ ಅಗ್ಗದ ಮಾಂಸವೇ.

ಅದು ಅಗ್ಗವಾದದ್ದರಲ್ಲಿ ಯಂತ್ರದ ಪಾತ್ರ ದೊಡ್ಡದು. ಮೊದಲೆಲ್ಲ ಮಾಂಸವನ್ನು ಹಲಗೆಯ ಮೇಲಿಟ್ಟು ಕತ್ತಿಯಲ್ಲಿ ಕೊಚ್ಚಬೇಕಿತ್ತು. ಹಿಡಿಕೆ ತಿರುಗಿಸಿ ಮಾಂಸ ಅರೆಯುವ ಯಂತ್ರದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಜರ್ಮನಿಯ ಕಾರ್ಲ್ ಡ್ರೈಸ್‌ಗೆ. 1817ರಲ್ಲಿ ಸೈಕಲ್ಲಿನ ಪೂರ್ವಜನಾದ ಎರಡು ಗಾಲಿಯ ಓಡುಬಂಡಿಯನ್ನು ಓಡಿಸಿ ತೋರಿಸಿದವನೂ ಇವನೇ. 19ನೇ ಶತಮಾನ ಮುಗಿಯುವ ಹೊತ್ತಿಗೆ ಅಂಥ ಯಂತ್ರಗಳು ಅಮೆರಿಕದ ಅಡುಗೆಮನೆಗಳನ್ನು ಹೊಕ್ಕವು. ಗಟ್ಟಿಯಾದ, ಯಾರೂ ಕೇಳದ ತುಂಡುಗಳೂ ಹಲ್ಲಿಗೆ ಮೆತ್ತಗಾದವು, ಬೇಯುವ ಹೊತ್ತೂ ಕಡಿಮೆಯಾಯಿತು. 1897ರಲ್ಲಿ ಕ್ಯಾಂಬೆಲ್ ಕಂಪನಿ ಗಟ್ಟಿ ಸೂಪನ್ನು ಡಬ್ಬಿಯಲ್ಲಿ ತುಂಬಿ ಮಾರಲು ತೊಡಗಿತು. ಕೋಸುಸುರುಳಿಯ ಮೇಲೆ ಸುರಿಯುವ ಸಾರನ್ನು ಕುದಿಸಿ ಇಂಗಿಸುವ ಕೆಲಸವನ್ನು ಡಬ್ಬಿಯ ಟೊಮೆಟೊ ಸೂಪು ಮುಂದೆ ಎಷ್ಟೋ ಮನೆಗಳಲ್ಲಿ ತಪ್ಪಿಸಿತು.

1970ರ ದಶಕ ಬರುವಷ್ಟರಲ್ಲಿ ಹೊರಗೆ ದುಡಿಯುವ ಹೆಂಗಸರು ಹೆಚ್ಚಿದ್ದರು, ಮಾಂಸದ ಬೆಲೆಯೂ ಏರಿತ್ತು. 1971ರಲ್ಲಿ ಜನರಲ್ ಮಿಲ್ಸ್ ಕಂಪನಿ 'ಹ್ಯಾಂಬರ್ಗರ್ ಹೆಲ್ಪರ್' ಎಂಬ ಪೊಟ್ಟಣವನ್ನು ದೇಶದುದ್ದಕ್ಕೂ ಮಾರಿತು. ಒಂದು ಪೌಂಡ್ ಖೀಮಾಕ್ಕೆ ಪಾಸ್ತಾ, ಮಸಾಲೆ ಬೆರೆಸಿ, ಒಂದೇ ಬಾಣಲೆಯಲ್ಲಿ ಮನೆಮಂದಿಗೆಲ್ಲ ಊಟ ಎಂಬುದು ಅದರ ಭರವಸೆ. 1973ರ ಮಾರ್ಚ್‌ನಲ್ಲಿ ಅಧ್ಯಕ್ಷ ನಿಕ್ಸನ್ ಮಾಂಸದ ಬೆಲೆಗೆ ಮಿತಿ ಹೇರಬೇಕಾಯಿತು. ಅದಕ್ಕೂ ಸಮಾಧಾನವಾಗದೆ ಏಪ್ರಿಲ್ ಮೊದಲ ವಾರ ಗೃಹಿಣಿಯರು ಮಾಂಸ ಕೊಳ್ಳುವುದನ್ನೇ ಬಹಿಷ್ಕರಿಸಿದರು. ಸ್ವಲ್ಪ ಮಾಂಸವನ್ನು ಬೇರೆಯದರೊಂದಿಗೆ ಬೆರೆಸಿ ಹಿಗ್ಗಿಸುವ ಜಾಣತನ ಆ ಕಾಲದ ಅಗತ್ಯ. ಹಿಗ್ಗಿಸಲು ಕೋಸಿಗಿಂತ ಅಗ್ಗದ ತರಕಾರಿ ಯಾವುದು?

ಇನ್ನೊಂದು ಸಿಪ್ಪೆಯೂ ಹೋಯಿತು

ಎರಡನೆಯ ಕವಲು ಅಮೆರಿಕದ ಚೀನೀ ಹೋಟೆಲುಗಳಿಂದ ಬಂದದ್ದು. ಅಲ್ಲಿನ ಎಗ್ ರೋಲ್ ಎಂದರೆ ಹಿಟ್ಟಿನ ಹಾಳೆಯೊಳಗೆ ಹೆಚ್ಚಿದ ಕೋಸು, ಹಂದಿಮಾಂಸ ತುಂಬಿ ಎಣ್ಣೆಯಲ್ಲಿ ಕರಿದದ್ದು. 1972ರಲ್ಲಿ ಡಾ. ರಾಬರ್ಟ್ ಅಟ್ಕಿನ್ಸ್ ಅವರ ಪುಸ್ತಕ ಹಿಟ್ಟು, ಸಕ್ಕರೆ ಬಿಡಿ ಎಂದು ಸಾರಿತು. ಮುಂದೆ ಹಿಟ್ಟು, ಸಕ್ಕರೆಯನ್ನು ದೂರವಿಡುವ ಕೀಟೋ ಪಥ್ಯವೂ ಜನಪ್ರಿಯವಾಯಿತು. ಹಿಟ್ಟು ಬಿಟ್ಟವರು ಎಗ್ ರೋಲಿನ ಹಾಳೆಯನ್ನು ಕಳಚಿ, ಒಳಗಿನ ಹೂರಣವನ್ನಷ್ಟೇ ಸೋಯಾ ಸಾಸ್, ಶುಂಠಿ, ಎಳ್ಳೆಣ್ಣೆಯೊಂದಿಗೆ ಬಾಣಲೆಯಲ್ಲಿ ಹುರಿದುಕೊಂಡರು. ಇತ್ತ ಸೂಪರ್ ಮಾರ್ಕೆಟ್ಟಿನಲ್ಲಿ ಹೆಚ್ಚಿದ ಕೋಸೇ ಚೀಲದಲ್ಲಿ ಸಿಗತೊಡಗಿದಾಗ ಚಾಕು ಹಿಡಿಯುವ ಕೆಲಸವೂ ತಪ್ಪಿತು. ಯುರೋಪಿನ ಅಡುಗೆಯಲ್ಲಿ ಸುತ್ತಿದ ಎಲೆ ಬಿಚ್ಚಿಕೊಂಡಿತು, ಚೀನೀ ಅಡುಗೆಯಲ್ಲಿ ಸುತ್ತಿದ ಹಾಳೆ ಬಿದ್ದುಹೋಯಿತು. ಎರಡೂ ಬಂದು ನಿಂತದ್ದು ಒಂದೇ ಬಾಣಲೆಯಲ್ಲಿ.

ಮಾಡುವುದು ಹೀಗೆ

ಕೆಲಸ ಕಳಚಿದ ಮೇಲೆ ಉಳಿದದ್ದು ಉರಿಯ ಹದ. ಅಗಲವಾದ ದಪ್ಪ ತಳದ ಬಾಣಲೆ ಬೇಕು. ಎರಕದ ಕಬ್ಬಿಣದ್ದಾದರೆ ಒಳ್ಳೆಯದು. ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಚಮಚ ಎಣ್ಣೆ ಹಾಕಿ ಅರ್ಧ ಕಿಲೋ ಖೀಮಾ ಹರಡಿ, ಮೂರು ನಾಲ್ಕು ನಿಮಿಷ ಕೈಯಾಡಿಸದೆ ಬಿಡಿ. ತಳ ಕಂದುಬಣ್ಣಕ್ಕೆ ತಿರುಗಿದಾಗಲೇ ಮಾಂಸಕ್ಕೆ ಹುರಿದ ಘಮ ಬರುವುದು. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ವಿವರಿಸಿದ ರಾಸಾಯನಿಕ ಕ್ರಿಯೆ ಇದೇ. ಮೊದಲೇ ಕಲಕಿದರೆ ನೀರು ಬಿಟ್ಟು ಬೆಂದೀತೇ ಹೊರತು ಹುರಿಯದು.

ಈಗ ಖೀಮಾವನ್ನು ಪುಡಿಮಾಡಿ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಮೆಣಸಿನಪುಡಿ ಸೇರಿಸಿ. ಈರುಳ್ಳಿ ಬಾಡಿದಾಗ ಡಬ್ಬಿಯ ಟೊಮೆಟೊ ಸುರಿಯಿರಿ, ಇಲ್ಲವೇ ಎರಡು ಮೂರು ಟೊಮೆಟೊ ಹೆಚ್ಚಿಹಾಕಿ. ಆಮೇಲೆ ಬೆರಳಗಲ ಹೆಚ್ಚಿದ ಕೋಸನ್ನು ಎರಡು ಕಂತಿನಲ್ಲಿ ಹಾಕಿ, ಎಂಟು ನಿಮಿಷ ಮುಚ್ಚಿಡಿ. ನೀರು ಹಾಕಬೇಡಿ, ಕೋಸಿನ ತೂಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರೇ. ನಮ್ಮ ಕೋಸಿನ ಪಲ್ಯ ಬೇಯುವುದೂ ಹೀಗೆ, ತನ್ನ ಹಬೆಯಲ್ಲಿ ತಾನೇ. ಹೆಚ್ಚು ಹೊತ್ತು ಬೆಂದರೆ ಗಂಧಕದ ಅಂಶಗಳು ಒಡೆದು ಕೋಸಿಗೆ ಕೆಟ್ಟ ವಾಸನೆ ಹತ್ತುತ್ತದೆ. ಮುಚ್ಚಳ ತೆಗೆದು ಎರಡು ನಿಮಿಷ ಉರಿ ಏರಿಸಿ ನೀರು ಆರಿಸಿ, ನಿಂಬೆರಸ ಹಿಂಡಿ. ಅನ್ನಕ್ಕೂ ಸರಿ, ಚಪಾತಿ, ಜೋಳದ ರೊಟ್ಟಿಗೂ ಸರಿ.

ಹಬ್ಬಕ್ಕೆ ನೆಂಟರು ಬಂದಾಗ ಕೋಸುಸುರುಳಿಯ ಅಂದ ಈ ಬಾಣಲೆಯ ಅಡುಗೆಗೆ ಬಾರದು. ಆ ದಿನ ಮನೆಮಂದಿಯೆಲ್ಲ ಕೂತು ಸುತ್ತುವುದೇ ಸರಿ. ಉಳಿದ ದಿನಗಳಿಗೆ ಇದೇ ಸಾಕು. ಒಂದು ಎಚ್ಚರ ಮಾತ್ರ ಇರಲಿ: ಕೊಚ್ಚುವಾಗ ಮಾಂಸದ ಮೇಲ್ಮೈಯ ಸೂಕ್ಷ್ಮಾಣುಗಳು ಒಳಗೆಲ್ಲ ಬೆರೆಯುತ್ತವೆ. ಆದ್ದರಿಂದ ಖೀಮಾವನ್ನು ಕಣ್ಣೆದುರಿಗೇ ಮಾಡಿಸಿಕೊಂಡು ತನ್ನಿ, ತಂದ ದಿನವೇ ಬೇಯಿಸಿ, ಎಲ್ಲೂ ಹಸಿ ಕೆಂಪು ಉಳಿಯದಂತೆ ಪೂರ್ತಿ ಬೇಯಿಸಿ.