ರೋಬೋಗಿಂತ ಮೊದಲು ತಂಡ ಕಟ್ಟಬೇಕು

ಪಂದ್ಯದ ಅವಧಿ ಕೇವಲ ಎರಡೂವರೆ ನಿಮಿಷ. ಅದಕ್ಕಾಗಿ ಹತ್ತಾರು ವಿದ್ಯಾರ್ಥಿಗಳು ಎರಡು-ಮೂರು ತಿಂಗಳ ಸಂಜೆಗಳನ್ನೂ ರಜಾದಿನಗಳನ್ನೂ ಕಾರ್ಯಾಗಾರದಲ್ಲಿ ಕಳೆದಿರುತ್ತಾರೆ. ಕಣಕ್ಕಿಳಿದ ಯಂತ್ರ ನಡುವೆಯೇ ಸ್ತಬ್ಧವಾದರೆ ಒಳಗೆ ಹೋಗಿ ಸರಿಪಡಿಸಲು ಯಾರಿಗೂ ಅವಕಾಶವಿಲ್ಲ. ಹಾಗೆ ನಿಂತುಹೋದ ಯಂತ್ರವನ್ನು ಹೊರತಂದು ಪರೀಕ್ಷಿಸಿದಾಗ ಅನೇಕ ಸಲ ಸಿಗುವುದು ಸಡಿಲಗೊಂಡ ಒಂದು ತಂತಿ, ಪೂರ್ತಿ ಚಾರ್ಜ್ ಆಗದ ಒಂದು ಬ್ಯಾಟರಿ ಅಥವಾ ಬಿಗಿ ಮಾಡದೆ ಬಿಟ್ಟ ಒಂದು ಬೋಲ್ಟ್. ಇನ್ನೊಬ್ಬರು ನೋಡಿರುತ್ತಾರೆ ಎಂದು ಪ್ರತಿಯೊಬ್ಬರೂ ಭಾವಿಸಿದ್ದರ ಫಲ ಅದು.

ವಿದ್ಯಾರ್ಥಿಗಳ ರೋಬೋ ಸ್ಪರ್ಧೆಗಳೆಂದರೆ ತಂತ್ರಜ್ಞಾನದ ಪೈಪೋಟಿ ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ಹತ್ತಿರದಿಂದ ನೋಡಿದರೆ, ಅದು ಕೆಲಸವನ್ನು ಹಂಚಿಕೊಳ್ಳುವ, ಹಂಚಿಕೊಂಡ ಕೆಲಸಕ್ಕೆ ಹೊಣೆಯಾಗುವ ಪರೀಕ್ಷೆಯೂ ಹೌದು. ಇದನ್ನು ಅರಿಯಲು ಅಮೆರಿಕದ ‘ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್’ ಒಳ್ಳೆಯ ನಿದರ್ಶನ.

ಸ್ಪರ್ಧೆಯ ಹಿನ್ನೆಲೆ

ಸಂಶೋಧಕ ಡೀನ್ ಕಾಮೆನ್ 1989ರಲ್ಲಿ ‘ಫಸ್ಟ್’ ಸಂಸ್ಥೆಯನ್ನು ಸ್ಥಾಪಿಸಿದರು. ಎರಡು ಗಾಲಿಯ ‘ಸೆಗ್ವೇ’ ವಾಹನದ ಮೂಲಕ ಮುಂದೆ ಜಗತ್ಪ್ರಸಿದ್ಧರಾದವರು ಇವರೇ. ಕ್ರೀಡಾಪಟುಗಳಿಗೆ ಸಿಗುವ ಚಪ್ಪಾಳೆ ವಿಜ್ಞಾನ ಕಲಿಯುವ ಮಕ್ಕಳಿಗೂ ಸಿಗಬೇಕೆಂಬುದು ಅವರ ಆಶಯವಾಗಿತ್ತು. ಎಂಐಟಿಯ ಪ್ರಾಧ್ಯಾಪಕ ವುಡೀ ಫ್ಲವರ್ಸ್ ಸ್ಪರ್ಧೆಯ ಸ್ವರೂಪವನ್ನು ರೂಪಿಸಲು ನೆರವಾದರು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಶಾಲೆಯೊಂದರ ವ್ಯಾಯಾಮಶಾಲೆಯಲ್ಲಿ 1992ರಲ್ಲಿ ನಡೆದ ಮೊದಲ ಸ್ಪರ್ಧೆಯಲ್ಲಿ ಇದ್ದದ್ದು 28 ತಂಡಗಳು. ಇಂದು ಹಲವು ದೇಶಗಳ ಸಾವಿರಾರು ತಂಡಗಳು ಭಾಗವಹಿಸುತ್ತವೆ. ಅಂತಿಮ ಹಂತದ ಪಂದ್ಯಗಳಿಗೆ ಈಚಿನ ವರ್ಷಗಳಲ್ಲಿ ಟೆಕ್ಸಸ್‌ನ ಹ್ಯೂಸ್ಟನ್ ನಗರ ವೇದಿಕೆಯಾಗಿದೆ.

ಭಾಗವಹಿಸುವವರು ಅಲ್ಲಿನ ಹೈಸ್ಕೂಲು ಮಕ್ಕಳು. ಎಂದರೆ ನಮ್ಮ ಲೆಕ್ಕದಲ್ಲಿ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನವರು. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿಯೂ ಜನವರಿ ಬಂತೆಂದರೆ ‘ಮಗ ರೋಬೋಟಿಕ್ಸ್‌ಗೆ ಹೋಗಿದ್ದಾನೆ, ಬರುವುದು ತಡ’ ಎಂಬ ಮಾತು ಹೊಸದೇನಲ್ಲ.

ಬೀಗ ಒಡೆಯುವ ದಿನ

ಪ್ರತಿವರ್ಷ ಆಟ ಹೊಸದು. ಜನವರಿಯ ಒಂದು ಶನಿವಾರ ಅದರ ನಿಯಮಗಳು ಎಲ್ಲ ತಂಡಗಳಿಗೂ ಏಕಕಾಲಕ್ಕೆ ಬಹಿರಂಗವಾಗುತ್ತವೆ. 2019ರವರೆಗೆ ಯಂತ್ರ ನಿರ್ಮಾಣಕ್ಕೆ ಸುಮಾರು ಆರು ವಾರಗಳ ಗಡುವಿತ್ತು. ಆಮೇಲೆ ಅದನ್ನು ಚೀಲದೊಳಗಿಟ್ಟು ಮೊಹರು ಮಾಡಬೇಕಿತ್ತು. 2020ರಿಂದ ಆ ನಿರ್ಬಂಧ ತೆರವಾಗಿದೆ. ಆದರೂ ಪ್ರಾದೇಶಿಕ ಪಂದ್ಯಗಳು ಮಾರ್ಚ್ ತಿಂಗಳಲ್ಲಿಯೇ ನಡೆಯುವುದರಿಂದ ಸಮಯದ ಒತ್ತಡ ಕಡಿಮೆಯಾಗಿಲ್ಲ.

2024ರ ಆಟವನ್ನೇ ತೆಗೆದುಕೊಳ್ಳೋಣ. ಅದು ಪ್ರಕಟವಾದದ್ದು ಜನವರಿ 6ರಂದು. ಮೂರು ಮೂರು ತಂಡಗಳ ಎರಡು ಮೈತ್ರಿಕೂಟಗಳು, ಒಂದು ಕೆಂಪು, ಇನ್ನೊಂದು ನೀಲಿ. ಕಿತ್ತಳೆ ಬಣ್ಣದ ಫೋಮ್ ರಿಂಗ್‌ಗಳನ್ನು ನೆಲದಿಂದ ಎತ್ತಿಕೊಂಡು ‘ಸ್ಪೀಕರ್’ ಎಂದು ಕರೆಯಲಾದ ಎತ್ತರದ ಗುರಿಗೆ ಎಸೆಯಬೇಕು, ಇಲ್ಲವೇ ಪಕ್ಕದ ಗೂಡಿಗೆ ಹಾಕಬೇಕು. ಕೊನೆಯಲ್ಲಿ ಯಂತ್ರ ಸರಪಳಿಗೆ ಜೋತುಬಿದ್ದರೆ ಹೆಚ್ಚುವರಿ ಅಂಕ. ಮೊದಲ 15 ಸೆಕೆಂಡು ಯಾರೂ ಯಂತ್ರವನ್ನು ನಡೆಸುವಂತಿಲ್ಲ. ಅದು ಮೊದಲೇ ಬರೆದಿಟ್ಟ ಪ್ರೋಗ್ರಾಂ ಪ್ರಕಾರ ತಾನೇ ಚಲಿಸಬೇಕು. ಉಳಿದ ಎರಡು ನಿಮಿಷ 15 ಸೆಕೆಂಡು ವಿದ್ಯಾರ್ಥಿಗಳ ನಿಯಂತ್ರಣ. ಬ್ಯಾಟರಿ ಮತ್ತು ಸುತ್ತಲಿನ ಬಂಪರ್ ಬಿಟ್ಟು ಯಂತ್ರದ ತೂಕ ಆ ವರ್ಷ 125 ಪೌಂಡ್, ಎಂದರೆ ಸುಮಾರು 57 ಕೆ.ಜಿ. ಮೀರುವಂತಿರಲಿಲ್ಲ.

ನಿಯಮ ಕೈಗೆ ಬಂದೊಡನೆ ಕೀಲಿಪಾನ ಹಿಡಿಯುವ ತಂಡ ಸಾಮಾನ್ಯವಾಗಿ ಎಡವುತ್ತದೆ. ಅನುಭವಿ ತಂಡಗಳು ಮೊದಲ ಒಂದೆರಡು ದಿನ ಯಂತ್ರದ ಮಾತೇ ಎತ್ತುವುದಿಲ್ಲ. ಎಲ್ಲರೂ ನಿಯಮ ಪುಸ್ತಕ ಓದುತ್ತಾರೆ. ಅಂಕ ಬರುವ ದಾರಿಗಳನ್ನು ಪಟ್ಟಿ ಮಾಡುತ್ತಾರೆ. ಯಂತ್ರ ಮಾಡಲೇಬೇಕಾದದ್ದು, ಮಾಡಿದರೆ ಒಳ್ಳೆಯದು, ಮಾಡಬೇಕಾಗಿಲ್ಲ ಎಂದು ಮೂರು ಭಾಗ ಮಾಡುತ್ತಾರೆ. 2024ರಲ್ಲಿ ಸರಪಳಿಗೆ ಜೋತುಬಿದ್ದು ರಿಂಗನ್ನು ಮತ್ತೊಂದು ಕಿಂಡಿಗೆ ಸೇರಿಸಿದರೆ 5 ಅಂಕವಿತ್ತು. ಆ ಸಾಹಸಕ್ಕೆ ಬೇಕಾದ ತೂಕ, ಸಮಯ ಲೆಕ್ಕಹಾಕಿದ ಅನೇಕ ತಂಡಗಳು ಅದನ್ನು ಕೈಬಿಟ್ಟು, ಎಸೆಯುವ ಕೆಲಸವನ್ನೇ ಪಕ್ಕಾ ಮಾಡಿಕೊಂಡವು. ಎಲ್ಲವನ್ನೂ ಅರೆಬರೆ ಮಾಡುವ ಯಂತ್ರಕ್ಕಿಂತ ಎರಡನ್ನು ಚೆನ್ನಾಗಿ ಮಾಡುವ ಯಂತ್ರ ಲೇಸೆಂಬುದು ಈ ಕ್ಷೇತ್ರದ ಅನುಭವ.

ಯಾರ ಪಾಲಿಗೆ ಯಾವ ಕೆಲಸ?

ನಮ್ಮ ಮದುವೆ ಮನೆಗಳಲ್ಲಿ ಉಗ್ರಾಣ ನೋಡಿಕೊಳ್ಳುವವರು ಬೇರೆ, ಬಡಿಸುವವರು ಬೇರೆ, ಬಂದವರನ್ನು ವಿಚಾರಿಸಿಕೊಳ್ಳುವವರು ಬೇರೆ. ಎಲ್ಲರೂ ಎಲ್ಲವನ್ನೂ ಮಾಡಹೊರಟರೆ ಊಟದ ಪಂಕ್ತಿ ಕೆಡುತ್ತದೆ. ರೋಬೋ ತಂಡದ ವ್ಯವಸ್ಥೆಯೂ ಇದೇ ಬಗೆಯದು.

ತಂಡಕ್ಕೊಬ್ಬ ವಿದ್ಯಾರ್ಥಿ ನಾಯಕ ಅಥವಾ ನಾಯಕಿ. ಅವರ ಕೈಕೆಳಗೆ ಉಪತಂಡಗಳು. ವಿನ್ಯಾಸದವರು ಕಂಪ್ಯೂಟರಿನಲ್ಲಿ ಯಂತ್ರದ ನಕ್ಷೆ ಸಿದ್ಧಪಡಿಸುತ್ತಾರೆ. ನಿರ್ಮಾಣದವರು ಅಲ್ಯೂಮಿನಿಯಂ ಕತ್ತರಿಸಿ, ಕೊರೆದು, ಜೋಡಿಸುತ್ತಾರೆ. ವಿದ್ಯುತ್ ವಿಭಾಗದವರದು ಮೋಟರು, ತಂತಿ ಮತ್ತು 12 ವೋಲ್ಟ್ ಬ್ಯಾಟರಿಗಳ ಹೊಣೆ. ಪ್ರೋಗ್ರಾಮಿಂಗ್ ವಿಭಾಗ ಜಾವಾ ಮುಂತಾದ ಭಾಷೆಗಳಲ್ಲಿ ಯಂತ್ರಕ್ಕೆ ಆದೇಶಗಳನ್ನು ಬರೆಯುತ್ತದೆ. ಇವರೆಲ್ಲರ ಜೊತೆಗೆ ಹಣಕಾಸು ಮತ್ತು ಪ್ರಚಾರದ ವಿಭಾಗವೂ ಇರುತ್ತದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. 2024ರ ಋತುವಿನಲ್ಲಿ ನೋಂದಣಿ ಶುಲ್ಕವೇ ಸುಮಾರು 6,000 ಡಾಲರ್. ಬಿಡಿಭಾಗ, ಪ್ರಯಾಣ, ವಸತಿ ಎಲ್ಲ ಪ್ರತ್ಯೇಕ. ಸ್ಥಳೀಯ ಕಂಪನಿಗಳ ಬಾಗಿಲು ತಟ್ಟಿ ನೆರವು ಕೇಳುವವರಿಲ್ಲದಿದ್ದರೆ ಯಂತ್ರವೇ ಇಲ್ಲ.

ಈ ಉಪತಂಡಗಳ ನಡುವೆ ಪ್ರತಿವರ್ಷ ತಲೆದೋರುವ ಒಂದು ಜಗಳವಿದೆ. ನಿರ್ಮಾಣದವರಿಗೆ ಯಂತ್ರ ಎಂದಿಗೂ ಪೂರ್ತಿಯಾಗುವುದಿಲ್ಲ. ಇನ್ನೊಂದು ದಿನ ಎನ್ನುತ್ತಾರೆ. ಅದು ಕೈಗೆ ಬರುವವರೆಗೆ ಪ್ರೋಗ್ರಾಮಿಂಗ್‌ನವರು ಬರೆದದ್ದನ್ನು ಪರೀಕ್ಷಿಸಲಾರರು. 2024ರ ಆಟದಲ್ಲಿ ಸ್ಪೀಕರ್‌ಗೆ ಎಸೆದ ಒಂದು ರಿಂಗ್‌ಗೆ ಮೊದಲ 15 ಸೆಕೆಂಡುಗಳಲ್ಲಿ 5 ಅಂಕ, ನಂತರ ಸಾಮಾನ್ಯವಾಗಿ 2 ಅಂಕ. ಹೀಗಿರುವಾಗ ಪ್ರೋಗ್ರಾಂ ಪರೀಕ್ಷೆಗೆ ಸಮಯ ಸಿಗದಿದ್ದರೆ ನಷ್ಟ ಎಷ್ಟೆಂಬುದನ್ನು ಊಹಿಸಬಹುದು. ಆದ್ದರಿಂದ ಚೆನ್ನಾಗಿ ನಡೆಯುವ ತಂಡಗಳು ಯಂತ್ರವನ್ನು ಹಸ್ತಾಂತರಿಸುವ ದಿನಾಂಕವನ್ನು ಆರಂಭದಲ್ಲಿಯೇ ಗೋಡೆಯ ಮೇಲೆ ಬರೆದುಹಾಕುತ್ತವೆ. ಅಲ್ಲಿಯವರೆಗೆ ಹಿಂದಿನ ವರ್ಷದ ಯಂತ್ರದ ಮೇಲೆ ಅಭ್ಯಾಸ ನಡೆಯುತ್ತದೆ.

ಜಾಣ ಹುಡುಗನೊಬ್ಬನ ಸಮಸ್ಯೆ

ಪ್ರತಿ ತಂಡದಲ್ಲೂ ಎಲ್ಲವನ್ನೂ ಬಲ್ಲ ಒಬ್ಬನಿರುತ್ತಾನೆ. ಕೆಲಸ ಬೇಗ ಮುಗಿಯಲೆಂದು ಎಲ್ಲವೂ ಅವನ ಕೈಗೇ ಹೋಗುತ್ತದೆ. ಆ ವರ್ಷ ಪದಕವೂ ಬರಬಹುದು. ಆದರೆ ನಾಲ್ಕು ವರ್ಷದ ಹೈಸ್ಕೂಲಿನಲ್ಲಿ ತಂಡದ ಹೆಚ್ಚುಕಡಿಮೆ ಕಾಲುಭಾಗ ಪ್ರತಿವರ್ಷ ಹೊರಹೋಗುತ್ತದೆ. ಅವನು ಹೋದ ದಿನ ಅವನ ತಲೆಯಲ್ಲಿದ್ದದ್ದೂ ಹೋಗುತ್ತದೆ. ಉಳಿದವರು ವರ್ಷವಿಡೀ ಪಕ್ಕದಲ್ಲಿ ನಿಂತು ನೋಡಿದವರು ಮಾತ್ರ.

ಇದಕ್ಕೆ ತಂಡಗಳು ಕಂಡುಕೊಂಡ ಪರಿಹಾರ ಸರಳ. ಪ್ರತಿ ಜವಾಬ್ದಾರಿಗೂ ಒಬ್ಬ ಹಿರಿಯ, ಜೊತೆಗೊಬ್ಬ ಕಿರಿಯ. ಹಿರಿಯ ಬಾಯಿಯಲ್ಲಿ ಹೇಳಬೇಕು, ಕಿರಿಯ ಕೈಯಿಂದ ಮಾಡಬೇಕು. ಮಾಡಿದ್ದನ್ನು ದಿನಚರಿಯಲ್ಲಿ ಬರೆದಿಡಬೇಕು. ಕೆಲಸ ನಿಧಾನವಾಗುತ್ತದೆ, ಆದರೆ ಮುಂದಿನ ವರ್ಷಕ್ಕೆ ತಂಡ ಉಳಿಯುತ್ತದೆ.

ಹಂಚಿಕೆಯಲ್ಲಿ ಇನ್ನೊಂದು ಅಪಾಯವೂ ಇದೆ. ಯಾರೂ ಹೇಳದೆಯೇ ಡ್ರಿಲ್ ಯಂತ್ರದ ಮುಂದೆ ಹುಡುಗರು, ಬರವಣಿಗೆ ಹಾಗೂ ಭಿತ್ತಿಪತ್ರದ ಮುಂದೆ ಹುಡುಗಿಯರು ಸೇರಿಬಿಡುತ್ತಾರೆ. ಇದನ್ನು ಗಮನಿಸಿದ ತಂಡಗಳು ಜನವರಿಗೆ ಮುಂಚಿನ ತಿಂಗಳುಗಳಲ್ಲಿ ಹೊಸಬರೆಲ್ಲರನ್ನೂ ಪ್ರತಿ ವಿಭಾಗದಲ್ಲೂ ಕೆಲವು ದಿನ ಕೂರಿಸುತ್ತವೆ. ಒಮ್ಮೆ ಕೈಯಲ್ಲಿ ಉಪಕರಣ ಹಿಡಿದ ಮೇಲೆ ಯಾರಿಗೆ ಏನು ಒಲಿಯುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಕಣದ ಬಳಿ ಐವರು

ಪಂದ್ಯದ ವೇಳೆ ಕಣದ ಪಕ್ಕದಲ್ಲಿ ತಂಡದ ಗರಿಷ್ಠ ಐವರಿಗೆ ಪ್ರವೇಶ. ಸಾಮಾನ್ಯವಾಗಿ ಒಬ್ಬ ಯಂತ್ರವನ್ನು ಓಡಿಸುತ್ತಾನೆ; ಇನ್ನೊಬ್ಬ ಅದರ ತೋಳು, ಎಸೆಯುವ ಭಾಗ ಇತ್ಯಾದಿಗಳನ್ನು ನಿಯಂತ್ರಿಸುತ್ತಾನೆ. ಮತ್ತೊಬ್ಬ ಆಟದ ಸಾಮಗ್ರಿಯನ್ನು ಕಣದೊಳಕ್ಕೆ ಕೊಡುತ್ತಾನೆ. ಯಂತ್ರವನ್ನು ಸಜ್ಜುಗೊಳಿಸುವ ತಂತ್ರಜ್ಞ ಒಬ್ಬ, ಮಾರ್ಗದರ್ಶನ ಮಾಡುವ ಕೋಚ್ ಒಬ್ಬ. ಕೋಚ್ ವಯಸ್ಕನೂ ಆಗಿರಬಹುದು. ಆದರೆ ನಿಯಂತ್ರಣ ಸಾಧನಗಳನ್ನು ಅವನು ಮುಟ್ಟುವಂತಿಲ್ಲ.

ಇಲ್ಲಿ ಮುಖ್ಯವಾದದ್ದು ಮಾತಿನ ಶಿಸ್ತು. ಓಡಿಸುವವನ ದೃಷ್ಟಿ ಯಂತ್ರದ ಮೇಲಿರುತ್ತದೆ. ಗಡಿಯಾರ, ಎದುರಾಳಿ, ಮಿತ್ರ ತಂಡಗಳನ್ನು ಗಮನಿಸುವವನು ಕೋಚ್. ‘ಎಡಕ್ಕೆ ಹೋಗು, ಇನ್ನು ಇಪ್ಪತ್ತು ಸೆಕೆಂಡು’ ಎಂಬಷ್ಟೇ ಚಿಕ್ಕ ಮಾತುಗಳು. ಐವರೂ ಕೂಗಿದರೆ ಓಡಿಸುವವನಿಗೆ ಯಾವುದೂ ಕೇಳಿಸುವುದಿಲ್ಲ. ಹಾಗಾಗಿ ಆ ಎರಡೂವರೆ ನಿಮಿಷ ಒಬ್ಬನ ಮಾತೇ ಅಂತಿಮ. ಅದು ತಪ್ಪೆನಿಸಿದರೆ ಚರ್ಚೆ ಪಂದ್ಯ ಮುಗಿದ ಮೇಲೆ. ಚಾಲಕರ ಆಯ್ಕೆಯನ್ನೂ ಸ್ನೇಹ ಅಥವಾ ಹಿರಿತನದ ಮೇಲೆ ಮಾಡದೆ, ನಿಯಮಗಳ ಲಿಖಿತ ಪರೀಕ್ಷೆ ಹಾಗೂ ಗಡಿಯಾರ ಹಿಡಿದು ಮಾಡಿದ ಅಭ್ಯಾಸದ ಮೇಲೆ ಮಾಡುವ ರೂಢಿ ಅನೇಕ ತಂಡಗಳಲ್ಲಿದೆ.

ಪಿಟ್‌ನೊಳಗೆ, ಗ್ಯಾಲರಿಯ ಮೇಲೆ

ಸ್ಪರ್ಧೆಯ ಸ್ಥಳದಲ್ಲಿ ಪ್ರತಿ ತಂಡಕ್ಕೂ ಸಾಮಾನ್ಯವಾಗಿ ಹತ್ತಡಿಗೆ ಹತ್ತಡಿಯ ಒಂದು ಜಾಗ. ಅದಕ್ಕೆ ‘ಪಿಟ್’ ಎಂದು ಹೆಸರು. ತೂಕ, ಅಳತೆ, ವಿದ್ಯುತ್ ಸಂಪರ್ಕಗಳ ತಪಾಸಣೆಯಲ್ಲಿ ಉತ್ತೀರ್ಣವಾದ ಯಂತ್ರವಷ್ಟೇ ಲೀಗ್ ಪಂದ್ಯಗಳಿಗೆ ಅರ್ಹ. ಮುಂದಿನ ಪಂದ್ಯಕ್ಕೆ ಕೆಲವೊಮ್ಮೆ ಉಳಿದಿರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಹತ್ತು ಜನ ಯಂತ್ರಕ್ಕೆ ಮುತ್ತಿದರೆ ಯಾರ ಕೈಯೂ ಆಡುವುದಿಲ್ಲ. ಪಿಟ್ ಮುಖ್ಯಸ್ಥ ಮೂರು-ನಾಲ್ಕು ಮಂದಿಯನ್ನು ಮಾತ್ರ ಒಳಗೆ ಬಿಡುತ್ತಾನೆ. ಒಬ್ಬ ಪಟ್ಟಿ ಹಿಡಿದು ಓದುತ್ತಾನೆ: ಬ್ಯಾಟರಿ ಬದಲಾಯಿತೇ? ಚಕ್ರದ ಬೋಲ್ಟ್? ಬಂಪರಿನ ಬಣ್ಣ ಕೆಂಪೋ ನೀಲಿಯೋ? ಮುಟ್ಟಿ ನೋಡಿದವನು ‘ಆಯಿತು’ ಎಂದ ಮೇಲಷ್ಟೇ ಗುರುತು ಬೀಳುತ್ತದೆ. ಆರಂಭದಲ್ಲಿ ಹೇಳಿದ ಸಡಿಲ ತಂತಿ ಸಿಕ್ಕಿಬೀಳುವುದು ಇಲ್ಲಿಯೇ.

ಇತ್ತ ಗ್ಯಾಲರಿಯಲ್ಲಿ ಕುಳಿತವರೂ ಬರಿದೇ ಪ್ರೇಕ್ಷಕರಲ್ಲ. ಕಣದಲ್ಲಿರುವ ಆರು ಯಂತ್ರಗಳಿಗೆ ಆರು ಮಂದಿ. ಒಬ್ಬೊಬ್ಬರೂ ಒಂದೊಂದು ಯಂತ್ರವನ್ನಷ್ಟೇ ನೋಡಿ ಎಷ್ಟು ಎಸೆಯಿತು, ಎಷ್ಟು ತಪ್ಪಿತು, ಎಲ್ಲಿ ನಿಂತಿತು ಎಂದು ದಾಖಲಿಸುತ್ತಾರೆ. ಇದಕ್ಕೆ ‘ಸ್ಕೌಟಿಂಗ್’ ಎನ್ನುತ್ತಾರೆ. ಲೀಗ್ ಹಂತದಲ್ಲಿ ಜೊತೆಗಾರರು ಯಾರೆಂಬುದನ್ನು ವೇಳಾಪಟ್ಟಿ ನಿರ್ಧರಿಸುತ್ತದೆ. ಆದರೆ ಮುಂದಿನ ಹಂತಕ್ಕೆ ಎಂಟು ಮೈತ್ರಿಕೂಟಗಳ ನಾಯಕ ತಂಡಗಳು ತಮ್ಮ ಸಂಗಾತಿಗಳನ್ನು ತಾವೇ ಆರಿಸಿಕೊಳ್ಳುತ್ತವೆ. ಮೊದಲ ಸುತ್ತಿನಲ್ಲಿ ಒಂದರಿಂದ ಎಂಟು, ಎರಡನೆಯ ಸುತ್ತಿನಲ್ಲಿ ಎಂಟರಿಂದ ಒಂದು. ಪಟ್ಟಿಯ ಮೇಲ್ತುದಿಯ ತಂಡಗಳು ಎಲ್ಲರಿಗೂ ಗೊತ್ತು. ಎರಡನೆಯ ಸುತ್ತಿಗೆ ಉಳಿದವರಲ್ಲಿ ಕಡಿಮೆ ಸದ್ದು ಮಾಡಿ ಗಟ್ಟಿಯಾಗಿ ಆಡಿದವರು ಯಾರೆಂಬುದನ್ನು ಹೇಳಬಲ್ಲದ್ದು ಈ ಅಂಕಿಅಂಶ. ಬೇಸರದ ಕೆಲಸವೆಂದು ತಾತ್ಸಾರ ಮಾಡಿದ ತಂಡ ಆ ಹೊತ್ತಿನಲ್ಲಿ ಬರಿಗೈಯಲ್ಲಿ ನಿಲ್ಲುತ್ತದೆ.

ಇಂದಿನ ಎದುರಾಳಿ ನಾಳಿನ ಸಂಗಾತಿಯಾಗಬಹುದಾದ್ದರಿಂದ ಬಿಡಿಭಾಗ ಕೇಳಿಕೊಂಡು ಬಂದವರಿಗೆ ಇಲ್ಲವೆನ್ನುವುದು ಇಲ್ಲಿ ಅಪರೂಪ. ‘ಸೌಜನ್ಯದಿಂದ ಕೂಡಿದ ವೃತ್ತಿಪರತೆ’ ಎಂಬ ಅರ್ಥದ ಧ್ಯೇಯವಾಕ್ಯವನ್ನು ಜನಪ್ರಿಯಗೊಳಿಸಿದವರು 2019ರಲ್ಲಿ ನಿಧನರಾದ ಫ್ಲವರ್ಸ್. ಸ್ಪರ್ಧೆಯ ಅತ್ಯುನ್ನತ ಗೌರವವಾದ ‘ಇಂಪ್ಯಾಕ್ಟ್ ಪ್ರಶಸ್ತಿ’ ಪಂದ್ಯ ಗೆದ್ದ ಯಂತ್ರಕ್ಕೆಂದು ಮೀಸಲಾದದ್ದಲ್ಲ. ತನ್ನ ಸುತ್ತಲಿನ ಸಮುದಾಯಕ್ಕೆ ವಿಜ್ಞಾನವನ್ನು ತಲುಪಿಸಿದ ತಂಡಕ್ಕೆ ಅದು ಸಲ್ಲುತ್ತದೆ.

ಹಿರಿಯರು ಎಲ್ಲಿ ನಿಲ್ಲಬೇಕು?

ತಂಡಗಳಿಗೆ ಇಂಜಿನಿಯರುಗಳು, ಶಿಕ್ಷಕರು, ಪೋಷಕರು ಮಾರ್ಗದರ್ಶಕರಾಗಿ ಬರುತ್ತಾರೆ. ಅವರು ಎಷ್ಟು ಕೈಹಾಕಬೇಕೆಂಬುದು ಹಳೆಯ ಚರ್ಚೆ. ವೃತ್ತಿಪರರ ಜೊತೆ ದುಡಿದರೆ ಮಕ್ಕಳು ಹೆಚ್ಚು ಕಲಿಯುತ್ತಾರೆ ಎಂಬ ವಾದವೂ ಇದೆ, ತಪ್ಪು ಮಾಡಿಯೇ ಕಲಿಯಲಿ ಎಂಬ ವಾದವೂ ಇದೆ. ಪಿಟ್‌ಗೆ ಬಂದ ತೀರ್ಪುಗಾರರು ಪ್ರಶ್ನೆ ಕೇಳುವುದು ವಿದ್ಯಾರ್ಥಿಗಳನ್ನು. ಈ ಗೇರ್ ಅನುಪಾತ ಏಕೆ, ಈ ತೋಳು ಹೀಗೇಕೆ ಎಂದಾಗ ಹುಡುಗಿ ತಾನೇ ವಿವರಿಸಿದರೆ ಕೆಲಸ ಅವಳದು. ಅವಳು ತಿರುಗಿ ಮಾರ್ಗದರ್ಶಕರ ಮುಖ ನೋಡಿದರೆ ಉತ್ತರ ಅಲ್ಲಿಯೇ ಸಿಕ್ಕಂತೆ.

ನಮ್ಮಲ್ಲಿಯೂ ಅವಕಾಶಗಳಿಗೆ ಕೊರತೆಯಿಲ್ಲ. ಏಷ್ಯಾ-ಪೆಸಿಫಿಕ್ ವಲಯದ ಕಾಲೇಜು ವಿದ್ಯಾರ್ಥಿಗಳ ‘ರೋಬೋಕಾನ್’ 2002ರಲ್ಲಿ ಟೋಕಿಯೊದಲ್ಲಿ ಆರಂಭವಾಯಿತು. 2008 ಮತ್ತು 2014ರಲ್ಲಿ ಪುಣೆ ಅದರ ಆತಿಥ್ಯ ವಹಿಸಿತ್ತು. 2008ರ ಆಟವನ್ನು ಮೊಸರು ಗಡಿಗೆ ಒಡೆಯುವ ಉತ್ಸವದ ಕಲ್ಪನೆಯ ಮೇಲೆಯೇ ರೂಪಿಸಲಾಗಿತ್ತು. ಕೇಂದ್ರ ಸರಕಾರದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಕರ್ನಾಟಕದ ಶಾಲೆಗಳಿಗೂ ಬಂದಿವೆ. ಮೋಟರು, ಸೆನ್ಸರು, ತ್ರೀಡಿ ಪ್ರಿಂಟರುಗಳನ್ನು ಹಣ ಕೊಟ್ಟು ತರಿಸಬಹುದು. ಆದರೆ ಯಾವ ಕೆಲಸಕ್ಕೆ ಯಾರು ಹೊಣೆ, ಅವರು ಯಾರಿಗೆ ಕಲಿಸುತ್ತಿದ್ದಾರೆ ಎಂಬ ಒಂದು ಪುಟದ ಪಟ್ಟಿಯನ್ನು ಮಕ್ಕಳೇ ಕುಳಿತು ಬರೆಯಬೇಕು. ಹೊಸದಾಗಿ ತಂಡ ಕಟ್ಟಲು ಹೊರಟ ಶಾಲೆ, ಕಾಲೇಜುಗಳು ಬಿಡಿಭಾಗಗಳಿಗೆ ಆರ್ಡರ್ ಕೊಡುವ ಮುನ್ನ ಆ ಪುಟವನ್ನು ಬರೆಸುವುದು ಒಳಿತು.