ದಾದಿಯರೂ ಆನುವಂಶಿಕ ವಿಜ್ಞಾನವೂ

ನಮ್ಮೂರು ಭೋಜ ವೇದಗಂಗಾ ಮತ್ತು ದೂಧಗಂಗಾ ನದಿಗಳ ಸಂಗಮದ ಊರು. ಸಂಗಮದ ಕೆಳಗೆ ನಿಂತು ಬೊಗಸೆ ನೀರೆತ್ತಿದರೆ ಅದರಲ್ಲಿ ಯಾವ ನದಿಯದು ಎಷ್ಟೆಂದು ಯಾರೂ ಹೇಳಲಾರರು. ತಾಯಿತಂದೆಗಳ ಗುಣಗಳು ಮಗುವಿನಲ್ಲಿ ಹೀಗೆಯೇ ಬೆರೆತುಹೋಗುತ್ತವೆಂದು ಜನರು ಬಹುಕಾಲ ನಂಬಿದ್ದರು. ಅದು ಹಾಗಲ್ಲವೆಂದು ತೋರಿಸಿಕೊಟ್ಟವನು ಮೆಂಡೆಲ್. ಬಟಾಣಿ ಗಿಡಗಳ ಮೇಲೆ ತಾನು ನಡೆಸಿದ ಪ್ರಯೋಗಗಳನ್ನು ಅವನು ೧೮೬೬ರಲ್ಲಿ ಪ್ರಕಟಿಸಿದನು. ಗುಣಗಳು ನೀರಿನಂತೆ ಬೆರೆಯುವುದಿಲ್ಲ. ಕಾಳುಗಳಂತೆ ಬೇರೆ ಬೇರೆಯಾಗಿಯೇ ಉಳಿದು ಮುಂದಿನ ತಲೆಮಾರಿಗೆ ಸಾಗುತ್ತವೆ. ಆ ಕಾಳುಗಳನ್ನೇ ನಾವು ಇಂದು ಜೀನು ಅಥವಾ ವಂಶವಾಹಿ ಎಂದು ಕರೆಯುತ್ತೇವೆ.

ನಾನು ಕಲಾ ವಿಭಾಗದ ವಿದ್ಯಾರ್ಥಿ. ಈ ವಿಷಯವನ್ನು ಕುರಿತು ಬರೆಯಲು ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದು ಕಾರಣ. ನನ್ನ ಅಕ್ಕನನ್ನು ಸೋದರತ್ತೆಯ ಮಗನಿಗೆ ಕೊಟ್ಟಿದ್ದೇವೆ. ಅವಳ ಮೊದಲ ಮಗಳು ಹುಟ್ಟು ಕಿವುಡಿ. ಗ್ರಹಣದ ದಿನ ಬಸುರಿ ಹೊರಗೆ ಬಂದಳು, ಅದಕ್ಕೇ ಹೀಗಾಯಿತು ಎಂದು ಸೋದರತ್ತೆ ಆಡಿಕೊಂಡಳು. ಎರಡನೆಯ ಬಾರಿ ಅಕ್ಕ ಬಸುರಿಯಾದಾಗ ಆ ಊರಿಗೆ ಬರುತ್ತಿದ್ದ ದಾದಿಯೊಬ್ಬಳು ಸಮಾಧಾನ ಹೇಳಿದಳು: “ಇಂಥ ದೋಷ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಒಂದು ಆಗಿಹೋಯಿತು, ಇನ್ನು ಮೂವರಿಗೆ ಭಯವಿಲ್ಲ.” ಅವಳ ಮನಸ್ಸು ಒಳ್ಳೆಯದೇ. ಆದರೆ ಹುಟ್ಟಿದ ಗಂಡುಮಗುವಿಗೂ ಕಿವಿ ಕೇಳಿಸಲಿಲ್ಲ. ದಾದಿಯ ಮಾತು ಸುಳ್ಳಾಗಲಾರದೆಂದು ನಂಬಿದ್ದ ಮನೆಯವರು ತಪ್ಪನ್ನೆಲ್ಲ ಮತ್ತೆ ಅಕ್ಕನ ತಲೆಗೇ ಕಟ್ಟಿದರು.

ಮುಂದೆ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯಾಯಿತು. ಅಲ್ಲಿಯ ಇನ್ನೊಬ್ಬ ದಾದಿ ಅರ್ಧ ಗಂಟೆ ಕುಳಿತು ವಿಷಯವನ್ನು ಬಿಡಿಸಿ ಹೇಳಿದರು. ಅದನ್ನು ನಾನು ಮನೆಯಲ್ಲಿ ಹುಣಸೆ ಬೀಜಗಳಿಂದ ತೋರಿಸಿದೆ.

ಚೌಕಾಬಾರ ಆಡುವಾಗ ನಾವು ಹುಣಸೆ ಬೀಜದ ಒಂದು ಮೈಯನ್ನು ಉಜ್ಜಿ ಬಿಳಿ ಮಾಡುತ್ತೇವಷ್ಟೆ. ಪ್ರತಿಯೊಬ್ಬರಲ್ಲಿಯೂ ಸಾಮಾನ್ಯವಾಗಿ ಒಂದೊಂದು ಜೀನಿನ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯದು, ಒಂದು ತಂದೆಯದು. ಕರಿಯ ಮೈ ಸರಿಯಾದ ಪ್ರತಿ, ಬಿಳಿಯ ಮೈ ಕೆಟ್ಟ ಪ್ರತಿ ಎಂದಿಟ್ಟುಕೊಳ್ಳೋಣ. ಅಕ್ಕ ಒಂದು ಬೀಜ, ಭಾವ ಒಂದು ಬೀಜ. ಒಂದೊಂದು ಸರಿಯಾದ ಪ್ರತಿ ಇರುವುದರಿಂದ ಇಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತದೆ. ಎರಡು ಬೀಜಗಳನ್ನೂ ಒಟ್ಟಿಗೆ ಎಸೆದರೆ ಎರಡೂ ಬಿಳಿ ಬೀಳುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಗು ಕಿವುಡು. ಒಂದು ಕರಿ ಒಂದು ಬಿಳಿ ಬೀಳುವ ಸಂಭವ ಅರ್ಧ. ಆ ಮಗು ತಾಯಿತಂದೆಗಳಂತೆ ದೋಷವನ್ನು ಹೊತ್ತಿದ್ದರೂ ಕೇಳಬಲ್ಲದು. ಉಳಿದ ಕಾಲು ಭಾಗ ಎರಡೂ ಕರಿ. ಇಲ್ಲಿ ಮುಖ್ಯವಾದ ಮಾತೊಂದಿದೆ: ಬೀಜಕ್ಕೆ ನೆನಪಿಲ್ಲ. ಹಿಂದಿನ ಸಲ ಏನು ಬಿದ್ದಿತೆಂದು ತಿಳಿದು ಅದು ಈ ಸಲ ಬೀಳುವುದಿಲ್ಲ. ಪ್ರತಿ ಬಸಿರೂ ಹೊಸ ಎಸೆತ. ಮೊದಲಿನ ದಾದಿಗೆ ತಿಳಿಯದಿದ್ದುದು ಇದೊಂದೇ.

ಬಿಳಿಯ ಮೈ ಇಬ್ಬರಲ್ಲಿಯೂ ಹೇಗೆ ಬಂದಿತು? ಅಕ್ಕಭಾವಂದಿರಿಗೆ ಅಜ್ಜಅಜ್ಜಿಯರು ಒಬ್ಬರೇ. ಸೋದರ ಸಂಬಂಧದ ಮಕ್ಕಳು ಸರಾಸರಿ ಎಂಟನೆಯ ಒಂದು ಭಾಗದಷ್ಟು ಜೀನುಗಳನ್ನು ಹಂಚಿಕೊಂಡಿರುತ್ತಾರೆ. ಅಜ್ಜನದೋ ಅಜ್ಜಿಯದೋ ಒಂದು ಪ್ರತಿ ನಮ್ಮ ತಂದೆಯ ಮೂಲಕ ಅಕ್ಕನಿಗೂ, ಸೋದರತ್ತೆಯ ಮೂಲಕವೇ ಭಾವನಿಗೂ ಬಂದಿರಬೇಕು. ಹಾಗೆಂದು ಸೋದರತ್ತೆಯನ್ನು ದೂಷಿಸುವುದೂ ತಪ್ಪೇ. ಕಾಣದ ಕಾಳನ್ನು ಯಾರೂ ಬೇಕೆಂದು ಬಿತ್ತುವುದಿಲ್ಲ.

ನಮ್ಮ ನಾಡಿನಲ್ಲಿ ಇದು ಒಂದು ಮನೆಯ ಕಥೆಯಲ್ಲ. ೧೯೮೦ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದಾಗ, ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದ ತಾಯಿತಂದೆಗಳು ರಕ್ತಸಂಬಂಧಿಗಳೆಂದು ಕಂಡುಬಂದಿತು. ಆದರೆ ಹೆದರಿಸುವುದೂ ಸಲ್ಲದು. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಗಂಭೀರವಾದ ಹುಟ್ಟುದೋಷವಿರುತ್ತದೆ. ಸೋದರ ಸಂಬಂಧದಲ್ಲಿ ಇದು ಸುಮಾರು ಇಮ್ಮಡಿ. ಎಂದರೆ ಅಲ್ಲಿಯೂ ಬಹುಪಾಲು ಮಕ್ಕಳು ಆರೋಗ್ಯವಂತರೇ.

೧೯೯೭ರಲ್ಲಿ ಹುಟ್ಟು ಕಿವುಡಿಗೆ ಕಾರಣವಾಗುವ ‘ಕನೆಕ್ಸಿನ್ ೨೬’ ಎಂಬ ಪ್ರೋಟೀನಿನ ಜೀನನ್ನು ವಿಜ್ಞಾನಿಗಳು ಗುರುತಿಸಿದರು. ಇಂಥ ಜೀನುಗಳು ಇಂದು ನೂರಕ್ಕೂ ಮಿಕ್ಕಿ ತಿಳಿದಿವೆ. ಮನುಷ್ಯನ ಜೀನುಗಳೆಲ್ಲವನ್ನೂ ಒಳಗೊಂಡ ಸುಮಾರು ಮುನ್ನೂರು ಕೋಟಿ ಅಕ್ಷರಗಳ ಬರಹಕ್ಕೆ ಜೀನೋಮು ಎಂದು ಹೆಸರು. ಅದನ್ನು ಓದುವ ಮಹಾಯೋಜನೆ ೧೯೯೦ರಲ್ಲಿ ಮೊದಲಾಗಿ ೨೦೦೩ರಲ್ಲಿ ಮುಗಿಯಿತು. ಈಗ ಒಂದೇ ಪರೀಕ್ಷೆಯಲ್ಲಿ ಅನೇಕ ಜೀನುಗಳನ್ನು ಓದಬಹುದು. ಆದರೆ ಓದಿದ್ದನ್ನು ಬಾಗಿಲ ಬಳಿ ಕುಳಿತು ಮನೆಮಾತಿನಲ್ಲಿ ಹೇಳುವವರು ಯಾರು? ವೈದ್ಯರಿಗೆ ಸಮಯವಿಲ್ಲ. ಬಸುರಿಯ ಕೈಹಿಡಿಯುವವಳು, ಕೂಸಿಗೆ ಲಸಿಕೆ ಹಾಕುವವಳು, ಅತ್ತೆ ಸೊಸೆ ಇಬ್ಬರ ಮಾತನ್ನೂ ಕೇಳುವವಳು ದಾದಿಯೇ.

ಆದುದರಿಂದ ಅವಳಿಗೆ ಈ ಶಾಸ್ತ್ರ ತಿಳಿದಿರಬೇಕು. ಪ್ರಯೋಗಶಾಲೆಯ ಪಾಂಡಿತ್ಯ ಬೇಕಿಲ್ಲ. ಮೂರು ತಲೆಮಾರಿನ ವಂಶವೃಕ್ಷ ಬರೆಯಲು ಬರಬೇಕು: ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಸಂಬಂಧದ ಮದುವೆಗೆ ಜೋಡುಗೆರೆ. ‘ನಾಲ್ಕರಲ್ಲಿ ಒಂದು’ ಎಂಬುದರ ಅರ್ಥ ತಿಳಿದಿರಬೇಕು. ಕಿವಿಯ ದೋಷವನ್ನು ಮೊದಲ ತಿಂಗಳುಗಳಲ್ಲಿಯೇ ಗುರುತಿಸಿದರೆ ಮಗು ಭಾಷೆಯನ್ನು ಕಲಿಯಬಲ್ಲುದೆಂದು ಅರಿತು, ಬೇಗನೆ ತಜ್ಞರ ಬಳಿಗೆ ಕಳುಹಿಸಬೇಕು. ಮೈಸೂರಿನಲ್ಲಿ ೧೯೬೫ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಇದೆ. ಎಲ್ಲಕ್ಕೂ ಮಿಗಿಲಾಗಿ ಗುಟ್ಟು ಕಾಯಬೇಕು. ಒಬ್ಬಳ ರಕ್ತದ ಫಲಿತಾಂಶ ಅವಳ ತಂಗಿಯ ಮದುವೆಯನ್ನೇ ಮುರಿಯಬಲ್ಲುದು. ಈಗ ದಾದಿಯರ ಬಿ.ಎಸ್‌ಸಿ. ಪಠ್ಯದಲ್ಲಿ ರೋಗಶಾಸ್ತ್ರದೊಡನೆ ಆನುವಂಶಿಕ ವಿಜ್ಞಾನವೂ ಸೇರಿದೆ. ಅದು ಪರೀಕ್ಷೆಯ ಪಾಠವಾಗಿ ಉಳಿಯದೆ ಹಳ್ಳಿಯ ಹೊಸ್ತಿಲನ್ನು ತಲುಪಬೇಕು.

ಹುಣಸೆ ಬೀಜದ ಆಟವನ್ನು ಸೋದರತ್ತೆಯೂ ಕುಳಿತು ನೋಡಿದಳು. ಏನೂ ಹೇಳಲಿಲ್ಲ. ಆ ದಿನದಿಂದ ಅವಳು ಗ್ರಹಣದ ಮಾತನ್ನು ಎತ್ತಿಲ್ಲ.

ನಮ್ಮ ಮನೆಯಲ್ಲಿ ನನಗೂ ಸಂಬಂಧದಲ್ಲಿಯೇ ಹೆಣ್ಣು ತರುವ ಮಾತು ನಡೆದಿದೆ. ಅಕ್ಕನಿಗೆ ಬಂದ ಆ ಬಿಳಿಯ ಮೈ ನನಗೂ ಬಂದಿರುವ ಸಂಭವ ಅರ್ಧಕ್ಕರ್ಧ. ಹಿರಿಯರಿಗೆ ಉತ್ತರ ಕೊಡುವ ಮುನ್ನ ನಾನು ಬೆಳಗಾವಿಗೆ ಹೋಗಿ ಆ ಎರಡನೆಯ ದಾದಿಯನ್ನು ಕಾಣಬೇಕೆಂದಿದ್ದೇನೆ.