ಊರಲ್ಲಿ ಬರೆದುಕೊಂಡದ್ದು ಊರಿಗೆ ಮರಳಬೇಕು

ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲವು ವಾರ ಇಂಟರ್ನ್‌ಶಿಪ್ ಮಾಡಿ ಬಂದ ವಿದ್ಯಾರ್ಥಿಗಳು ಕಾಲೇಜಿಗೆ ಒಪ್ಪಿಸುವ ವರದಿಯಲ್ಲಿ ‘ನಾನು ಕಲಿತ ಪಾಠಗಳು’ ಎಂಬ ಭಾಗ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆತ್ಮವಿಶ್ವಾಸ ಹೆಚ್ಚಿತು, ನಾಲ್ಕು ಜನರ ಮುಂದೆ ಮಾತನಾಡುವ ಅಂಜಿಕೆ ಹೋಯಿತು, ಹೊಂದಿಕೊಂಡು ಕೆಲಸ ಮಾಡುವುದು ತಿಳಿಯಿತು ಎಂದು ಅಲ್ಲಿ ಬರೆದಿರುತ್ತಾರೆ. ಇದೆಲ್ಲ ನಿಜವೇ ಇರಬಹುದು. ಆದರೆ ಇದೆಲ್ಲವೂ ವಿದ್ಯಾರ್ಥಿಗೆ ಆದ ಲಾಭ. ಆ ವಿದ್ಯಾರ್ಥಿಗೆ ಮನೆಬಾಗಿಲು ತೆರೆದು, ಚಾಪೆ ಹಾಸಿ, ಅರ್ಧ ದಿನದ ಕೆಲಸ ಬಿಟ್ಟು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವರಿಗೆ ಏನು ಸಿಕ್ಕಿತು ಎಂಬುದಕ್ಕೆ ವರದಿಯಲ್ಲಿ ಜಾಗವೇ ಇರುವುದಿಲ್ಲ. ಇಂಟರ್ನ್‌ಶಿಪ್‌ನಿಂದ ಕಲಿಯಬೇಕಾದ ಮುಖ್ಯ ಪಾಠ ಈ ಖಾಲಿ ಜಾಗದಲ್ಲೇ ಇದೆ ಎಂಬುದು ನನ್ನ ವಾದ. ಒಂದು ಊರಿನಿಂದ ಬರೆದುಕೊಂಡ ಮಾಹಿತಿ ಆ ಊರಿನ ಸ್ವತ್ತು. ಅದನ್ನು ಅಲ್ಲಿನವರಿಗೆ ತಿಳಿಯುವ ರೂಪದಲ್ಲಿ ಒಪ್ಪಿಸುವ ತನಕ ಕೆಲಸ ಮುಗಿದ ಹಾಗಲ್ಲ.

ಇದು ಬೆರಳೆಣಿಕೆಯ ಮಕ್ಕಳಿಗೆ ಸಂಬಂಧಪಟ್ಟ ಮಾತಲ್ಲ. ಸಮಾಜಕಾರ್ಯ ಓದುವವರಿಗೆ ಕ್ಷೇತ್ರಕಾರ್ಯ ಪಠ್ಯದ ಭಾಗವಾಗಿ ದಶಕಗಳೇ ಕಳೆದಿವೆ. ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ ಆರಂಭವಾದದ್ದೇ 1960ರಲ್ಲಿ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕಾನೂನು ಪದವಿಯವರು ಒಟ್ಟು 12 ವಾರ, ಐದು ವರ್ಷದ ಪದವಿಯವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಅದಕ್ಕೆ ಒಪ್ಪಿತವಾದ ಕಡೆಗಳಲ್ಲಿ ಸ್ವಯಂಸೇವಾ ಸಂಸ್ಥೆಗಳೂ ಇವೆ. ಈಚೆಗೆ ವಾಣಿಜ್ಯ, ಎಂಜಿನಿಯರಿಂಗ್ ಓದುವವರೂ ಈ ದಾರಿ ಹಿಡಿಯುತ್ತಿದ್ದಾರೆ. ವರ್ಷ ವರ್ಷವೂ ಹೊಸ ಹುಡುಗ ಹುಡುಗಿಯರು ಪ್ರಶ್ನಾವಳಿ ಹಿಡಿದು ಹೋಗುವ ಊರುಗಳು ಮಾತ್ರ ಹೆಚ್ಚೂಕಡಿಮೆ ಅವೇ. ಸಂಸ್ಥೆಯ ಕಚೇರಿಗೆ ಹತ್ತಿರವಿರುವ, ಬಸ್ಸು ಹೋಗುವ ಊರುಗಳು.

ಪ್ರಶ್ನಾವಳಿಯ ಒಂದೇ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ‘ಕುಟುಂಬದ ಮಾಸಿಕ ಆದಾಯ ಎಷ್ಟು?’ ಸಂಬಳದ ಮನೆಯಲ್ಲಿ ಬೆಳೆದವರಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಇಲ್ಲ. ಕೋಲಾರದ ಕಡೆಯ ಒಂದು ರೈತ ಕುಟುಂಬಕ್ಕೆ ಹಾಲಿನ ಬಟವಾಡೆ ಬರುವುದು ಒಂದು ಲೆಕ್ಕದಲ್ಲಿ, ರೇಷ್ಮೆಗೂಡಿನ ಹಣ ಬರುವುದು ಹುಳು ಹಣ್ಣಾಗಿ ಗೂಡು ಮಾರುಕಟ್ಟೆಗೆ ಹೋದಾಗ, ರಾಗಿ ಬರುವುದು ವರ್ಷಕ್ಕೊಮ್ಮೆ, ಅದರಲ್ಲೂ ಹೆಚ್ಚಿನ ಪಾಲು ಮನೆಯ ಊಟಕ್ಕೆ. ಕೂಲಿ ಸಿಕ್ಕ ದಿನ ಸಿಕ್ಕಿತು, ಸಿಗದ ದಿನ ಇಲ್ಲ. ಕುರಿ ಮಾರಿದ ತಿಂಗಳು ಕೈಯಲ್ಲಿ ದುಡ್ಡು ಓಡಾಡುತ್ತದೆ, ಆದರೆ ಅದು ಆದಾಯವೋ ಆಸ್ತಿ ಕರಗಿದ್ದೋ ಹೇಳುವುದು ಕಷ್ಟ. ಇಷ್ಟನ್ನೂ ಒಂದು ಅಂಕಿಯಾಗಿ ಹೇಳಿ ಎಂದು ಕೂತರೆ ಮನೆಯಾಕೆ ಒಂದು ಗಳಿಗೆ ಸುಮ್ಮನಾಗಿ, ಕೇಳಿದವರ ಮುಖ ನೋಡಿ, ಪಡಿತರ ಚೀಟಿಗೆ ತೊಂದರೆಯಾಗದಂಥ ಒಂದು ಮೊತ್ತ ಹೇಳುತ್ತಾಳೆ. ಆಕೆ ಸುಳ್ಳು ಹೇಳಿದಳು ಎನ್ನುವ ಹಾಗಿಲ್ಲ. ಪ್ರಶ್ನೆಯೇ ಆ ಮನೆಯ ಬದುಕಿಗೆ ಹೊಂದುವಂಥದ್ದಲ್ಲ. ಹೀಗೆ ಸಿಕ್ಕ ಅಂಕಿಗಳನ್ನು ಕೂಡಿ, ಸರಾಸರಿ ತೆಗೆದು, ಬಣ್ಣದ ಚಿತ್ರ ಬರೆದು ವರದಿ ಕಟ್ಟಿದರೆ ಅದರ ತಪ್ಪನ್ನು ಕಾಲೇಜಿನಲ್ಲಿ ಯಾರೂ ಹಿಡಿಯಲಾರರು. ಅದೇ ಲೆಕ್ಕವನ್ನು ಆ ಊರಿನ ಅರಳಿಕಟ್ಟೆಯ ಮೇಲೆ ಓದಿ ಹೇಳಿದರೆ ಐದು ನಿಮಿಷದಲ್ಲಿ ತಪ್ಪು ಹೊರಬೀಳುತ್ತದೆ. ಮಾಹಿತಿಯನ್ನು ಹಿಂದಿರುಗಿಸಬೇಕು ಎನ್ನುವುದಕ್ಕೆ ಋಣ ತೀರಿಸುವ ಮಾತಿಗಿಂತ ಮೊದಲು ಬರುವ ಕಾರಣ ಇದು. ತಿದ್ದಬಲ್ಲವರು ಇರುವುದು ಅಲ್ಲಿ ಮಾತ್ರ.

ಬ್ರಿಟನ್ನಿನ ಅಭಿವೃದ್ಧಿ ಚಿಂತಕ ರಾಬರ್ಟ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಹೊರಗಿನಿಂದ ಹಳ್ಳಿಗೆ ಬರುವವರ ಕಣ್ಣಿಗೆ ಬಡತನ ಹೇಗೆ ತಪ್ಪಿಸಿಕೊಳ್ಳುತ್ತದೆ ಎಂದು ವಿವರಿಸಿದ್ದಾರೆ. ಬರುವವರು ಡಾಂಬರು ರಸ್ತೆಯ ಪಕ್ಕದ ಊರುಗಳನ್ನೇ ನೋಡುತ್ತಾರೆ; ಯೋಜನೆ ನಡೆಯುತ್ತಿರುವ ಕಡೆಗೇ ಹೋಗುತ್ತಾರೆ; ಮುಖಂಡರು, ಗಂಡಸರು, ಆರೋಗ್ಯವಂತರ ಜೊತೆಗೇ ಮಾತನಾಡುತ್ತಾರೆ; ಮಳೆ ಇಲ್ಲದ ದಿನಗಳಲ್ಲೇ ಬರುತ್ತಾರೆ. ನಮ್ಮ ಬೇಸಿಗೆ ರಜೆಯ ಇಂಟರ್ನ್‌ಶಿಪ್‌ಗೆ ಕೊನೆಯ ಮಾತು ಅಕ್ಷರಶಃ ಹೊಂದುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೋದವರಿಗೆ ಕಾಣುವುದು ಜಾತ್ರೆ, ಮದುವೆ, ಬಿಡುವಾಗಿ ಕೂತ ಜನ. ಬಿತ್ತನೆಗೆ ಸಾಲ ಎತ್ತುವ ಜೂನ್, ಕಣಜ ಬರಿದಾಗಿ ಹೊಸ ಬೆಳೆ ಇನ್ನೂ ಬಾರದ ಮಳೆಗಾಲ, ಹಳ್ಳ ತುಂಬಿ ಆಸ್ಪತ್ರೆಯ ದಾರಿ ಮುಚ್ಚುವ ಮಲೆನಾಡಿನ ಆಷಾಢ ಅವರಿಗೆ ಕಾಣುವುದೇ ಇಲ್ಲ. ಅದು ಅವರ ತಪ್ಪಲ್ಲ, ಪರೀಕ್ಷೆಯ ವೇಳಾಪಟ್ಟಿಯ ತಪ್ಪು. ಆದರೂ ತಾನು ಕಂಡದ್ದು ವರ್ಷದ ಯಾವ ಹೊತ್ತಿನ ಊರು ಎಂದು ವರದಿಯಲ್ಲಿ ಬರೆಯುವ ಪ್ರಾಮಾಣಿಕತೆಯನ್ನಾದರೂ ಕಲಿಸಬಹುದು.

ಬರಹ ಯಾರ ಕೈಯಲ್ಲಿದೆ ಎಂಬುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ತಿಳಿಯಲು ರಾಜಸ್ಥಾನವನ್ನು ನೋಡಬೇಕು. 1990ರಲ್ಲಿ ದೇವಡೂಂಗರಿಯಲ್ಲಿ ನೆಲೆಯೂರಿ ಆರಂಭವಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬಲ್ಲಿ ಮೊದಲ ಜನಸುನವಾಯಿ, ಅಂದರೆ ಸಾರ್ವಜನಿಕ ಅಹವಾಲು ಸಭೆ ನಡೆಸಿತು. ಅಲ್ಲಿ ಮಾಡಿದ್ದು ಮೇಲ್ನೋಟಕ್ಕೆ ಬಹಳ ಸಣ್ಣ ಕೆಲಸ. ಕಾಮಗಾರಿಯ ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರವರೆದುರು ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಹೋಗದವರ ಹೆಸರಿನಲ್ಲಿ ಕೂಲಿ ಬರೆದದ್ದು ಬಯಲಾಯಿತು. ಕಚೇರಿಯ ಕಪಾಟಿನಲ್ಲಿದ್ದಷ್ಟು ದಿನ ಆ ಕಾಗದ ನಿಜದಂತೆಯೇ ನಡೆದಿತ್ತು. ಹೆಸರಿನ ಒಡೆಯರ ಕಿವಿಗೆ ಬಿದ್ದ ದಿನ ಅದರ ಬಣ್ಣ ಬಯಲಾಯಿತು. ಈ ಸಭೆಗಳು, ಮಾಹಿತಿ ಹಕ್ಕಿಗಾಗಿ ನಡೆದ 1996ರ ಬ್ಯಾವರ್ ಧರಣಿ, ಆಮೇಲಿನ ದೇಶವ್ಯಾಪಿ ಚಳವಳಿ ಎಲ್ಲ ಸೇರಿ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿಯಾಯಿತು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಗ್ರಾಮಸಭೆಯಿಂದ ಸಾಮಾಜಿಕ ಪರಿಶೋಧನೆ ಎಂಬ ವಿಧಿಯೂ ಸೇರಿತು. ಸರ್ಕಾರದ ದಾಖಲೆ ಜನರ ಮುಂದೆ ತೆರೆಯಬೇಕು ಎಂದು ಸ್ವಯಂಸೇವಾ ಕ್ಷೇತ್ರ ಇಷ್ಟು ಹೋರಾಡಿದ ಮೇಲೆ, ಅದೇ ಕ್ಷೇತ್ರಕ್ಕೆ ಕಲಿಯಲು ಬಂದವರು ತಮ್ಮ ದಾಖಲೆಯನ್ನು ಮಾತ್ರ ಜನರಿಗೆ ತೋರಿಸದೆ ಹೋಗುವುದು ಸರಿಯಲ್ಲ.

ನಮ್ಮ ರಾಜ್ಯದಲ್ಲೇ ಇದಕ್ಕಿಂತ ಸುಂದರವಾದ ಉದಾಹರಣೆ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡನ್ನು ಎಲ್ಲೆಗಳಾಗಿ ಗುರುತಿಸುತ್ತಾರೆ. ಪ್ರತಿ ಎಲ್ಲೆಗೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳಿವೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆ ಕಾಡು ನಡೆದು ಈ ನೆಲೆಗಳನ್ನೆಲ್ಲ ಗುರುತಿಸಿ ನಕ್ಷೆ ಮಾಡಿದರು. ದಾರಿ ತೋರಿಸಿದವರು, ಹೆಸರು ಹೇಳಿದವರು ಸೋಲಿಗರೇ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ತಮ್ಮ ಹಕ್ಕು ಕೇಳುವಾಗ, ಈ ಕಾಡಿನಲ್ಲಿ ನಾವು ತಲೆಮಾರುಗಳಿಂದ ಇದ್ದೇವೆ ಎನ್ನುವುದಕ್ಕೆ ಆ ನಕ್ಷೆ ಅವರಿಗೆ ಆಧಾರವಾಯಿತು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ 2011ರಲ್ಲೇ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳೂ ಸಿಕ್ಕವು. ಹೋರಾಟ ಮಾಡಿದ್ದು ಸೋಲಿಗರ ಸಂಘ, ಅದರ ಬೆನ್ನಿಗೆ 1981ರಿಂದ ಅಲ್ಲಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಂಥ ಸಂಸ್ಥೆಗಳು ದುಡಿದು ಗಳಿಸಿದ ವಿಶ್ವಾಸವಿತ್ತು. ನಕ್ಷೆಯಿಂದಲೇ ಎಲ್ಲ ಆಯಿತು ಎನ್ನುವುದು ಅತಿಯಾದೀತು. ಆದರೆ ಆ ನಕ್ಷೆ ಬರೀ ಸಂಶೋಧನಾ ಲೇಖನದೊಳಗೆ ಉಳಿದಿದ್ದರೆ ಸೋಲಿಗರ ಅರ್ಜಿಗೆ ಅದರಿಂದ ನಯಾಪೈಸೆಯ ಉಪಯೋಗವೂ ಆಗುತ್ತಿರಲಿಲ್ಲ.

1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ ಸಂಸ್ಥೆ ಎಂಬತ್ತರ ದಶಕದ ನಡುವಿನಲ್ಲಿ ಕೋಲಾರದ ಕಡೆ ಬೆಳೆಸಿದ ಸ್ವಸಹಾಯ ಸಂಘಗಳಲ್ಲಿಯೂ ಲೆಕ್ಕದ ಪುಸ್ತಕಕ್ಕೆ ಇದೇ ಮಹತ್ವ. ವಾರದ ಸಭೆಯಲ್ಲಿ ಹಾಜರಿ ಆದ ಮೇಲೆ ಉಳಿತಾಯದ ಹಣ ಎಲ್ಲರ ಕಣ್ಣೆದುರು ಎಣಿಸುತ್ತಾರೆ, ಸಾಲ ಯಾರಿಗೆ ಎಂದು ಚರ್ಚೆಯಾಗುತ್ತದೆ, ತೀರ್ಮಾನ ನಡವಳಿ ಪುಸ್ತಕಕ್ಕೆ ಏರುತ್ತದೆ, ಬರೆದದ್ದನ್ನು ಓದಿ ಹೇಳಿದ ಮೇಲೆಯೇ ಸಹಿ, ಹೆಬ್ಬೆಟ್ಟು. 1992ರಲ್ಲಿ ನಬಾರ್ಡ್ ಈ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿದಾಗ ಅಡಮಾನವಿಲ್ಲದ ಬಡ ಹೆಂಗಸರ ಕೈಯಲ್ಲಿದ್ದ ನಂಬಿಕೆಯ ಆಧಾರ ಈ ಪುಸ್ತಕಗಳೇ. ಸಂಘದ ಪುಸ್ತಕ ಸರಿಪಡಿಸಲು ಕೂರಿಸಿದರೆ ಇಂಟರ್ನ್‌ಗಳು ಬೇಸರಪಡುವುದುಂಟು. ಗುಮಾಸ್ತಿಕೆ ಮಾಡಲು ಬಂದೆವೇ ಎನಿಸುತ್ತದೆ. ಒಬ್ಬಳ ಖಾತೆಯಲ್ಲಿ ಕಂತು ತಪ್ಪಿದ ತಿಂಗಳು ಯಾವುದು, ಅದರ ಹಿಂದಿನ ತಿಂಗಳು ಆಕೆ ಸಾಲ ತೆಗೆದದ್ದು ಏತಕ್ಕೆ ಎಂದು ಹಿಂಬಾಲಿಸಿ ಹೋದರೆ ಗಂಡನ ಕಾಯಿಲೆಯೋ ಮಗಳ ಹೆರಿಗೆಯೋ ಸತ್ತ ಹಸುವೋ ಸಿಗುತ್ತದೆ. ಮಾಸಿಕ ಆದಾಯದ ಪ್ರಶ್ನೆಗೆ ಸಿಗದ ಉತ್ತರ ಆ ಪುಟಗಳಲ್ಲಿದೆ, ಅದೂ ಸದಸ್ಯರೆಲ್ಲ ಒಪ್ಪಿ ಸಹಿ ಹಾಕಿದ ಉತ್ತರ.

ಇಷ್ಟು ಕಡಿಮೆ ಅವಧಿಯಲ್ಲಿ ಇದೆಲ್ಲ ಆಗುವ ಮಾತೇ ಎಂದು ಕೇಳುವವರಿದ್ದಾರೆ. ಅವಧಿ ಚಿಕ್ಕದಾದರೆ ಕೆಲಸವೂ ಖಚಿತವಾಗಿ ಚಿಕ್ಕದಾಗಿರಬೇಕು, ಅಷ್ಟೇ. 2005ರಲ್ಲಿ ‘ಪ್ರಥಮ್’ ಸಂಸ್ಥೆ ಆರಂಭಿಸಿದ, ಮಕ್ಕಳ ಓದಿನ ಮಟ್ಟ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಆರಿಸುತ್ತಾರೆ. ಇಬ್ಬರು ಸ್ವಯಂಸೇವಕರು ತರಬೇತಿ ಪಡೆದು, ಹಳ್ಳಿಯ ನಕ್ಷೆ ಬರೆದುಕೊಂಡು, ಮನೆಗಳಿಗೆ ಹೋಗಿ ಮಕ್ಕಳ ಮುಂದೆ ಅಕ್ಷರ, ಪದ, ಒಂದನೇ ತರಗತಿಯ ಮಟ್ಟದ ಸಾಲುಗಳು, ಎರಡನೇ ತರಗತಿಯ ಮಟ್ಟದ ಕಥೆ ಇಡುತ್ತಾರೆ. ಐದನೇ ತರಗತಿಯ ಮಗು ಆ ಕಥೆ ಓದಲು ತಡವರಿಸುವುದನ್ನು ತಾಯಿಯೂ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾಳೆ. ಫಲಿತಾಂಶ ದೆಹಲಿಯ ವರದಿಗೆ ಹೋಗುವ ಮೊದಲೇ ಆ ಮನೆಗೆ ಗೊತ್ತಾಗಿರುತ್ತದೆ. ಕೆಲವೇ ದಿನಗಳ ಕೆಲಸದಲ್ಲೂ ಮಾಹಿತಿ ಹಂಚಿಕೊಳ್ಳುವುದು ಸಾಧ್ಯ ಎನ್ನುವುದಕ್ಕೆ ಇಷ್ಟು ಸಾಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಚಿಂತಕ ಇವಾನ್ ಇಲ್ಲಿಚ್ 1968ರಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ, ಬಡವರ ಸೇವೆಗೆಂದು ಬರುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳಿಗೆ ಮುಖಕ್ಕೆ ಹೊಡೆದಂತೆ ಹೇಳಿದ್ದರು: ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಬರಬೇಡಿ. ಆ ವಿದ್ಯಾರ್ಥಿಗಳಿಗೆ ಜನರ ಭಾಷೆ ಬರುತ್ತಿರಲಿಲ್ಲ, ನಮ್ಮ ಮಕ್ಕಳಿಗೆ ಬರುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದವರಿಗೂ ಹೆಗ್ಗಡದೇವನಕೋಟೆಯ ಹಾಡಿಯ ಜೇನುಕುರುಬರಿಗೂ ನಡುವೆ ಕನ್ನಡದಲ್ಲಿ ಮಾತು ನಡೆದರೂ ಜಾತಿ, ವರ್ಗದ ಅಂತರ ಚಿಕ್ಕದಲ್ಲ. ಇಲ್ಲಿಚ್ ಹೇಳಿದ್ದರಲ್ಲಿ ಅರ್ಧ ನಾನು ಒಪ್ಪುತ್ತೇನೆ. ಉದ್ಧಾರ ಮಾಡುತ್ತೇವೆ ಎಂಬ ಭ್ರಮೆ ಬೇಡ. ಆದರೆ ಕಲಿತು ಸುಮ್ಮನೆ ಹೊರಟುಬಿಡುವುದೂ ಸಾಲದು. ಕಲಿಸಿದವರಿಗೆ ಲೆಕ್ಕ ಒಪ್ಪಿಸುವುದು ಸಹಾಯವಲ್ಲ, ಕರ್ತವ್ಯ.

ಸಂಬಳವಿಲ್ಲದೆ ದುಡಿಸಿಕೊಳ್ಳುವ ಇಂಟರ್ನ್‌ಗಳ ಮೇಲೆ ಈ ಹೊರೆಯನ್ನೂ ಹೇರಬೇಕೇ ಎಂಬ ಮಾತೂ ಇದೆ. ಬಸ್ ಚಾರ್ಜು, ಊಟದ ಖರ್ಚಾದರೂ ಕೊಡದೆ ಇಂಟರ್ನ್‌ಗಳನ್ನು ತೆಗೆದುಕೊಳ್ಳಬಾರದು. ಕೊಡದಿದ್ದರೆ ಉಳ್ಳವರ ಮನೆಯ ಮಕ್ಕಳಿಗೆ ಮಾತ್ರ ಈ ಅನುಭವ ದಕ್ಕುತ್ತದೆ. ಸಂಸ್ಥೆಗಳ ಕೈ ಕಟ್ಟಿರುವುದೂ ನಿಜ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ಬಳಿಕ ಆ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲು ಶೇ 50ರಿಂದ 20ಕ್ಕೆ ಇಳಿದಿದೆ. ಹಣ ಕೊಡುವ ಕಂಪನಿಗಳು ಫಲಾನುಭವಿಗಳ ಸಂಖ್ಯೆ ಕೇಳುತ್ತವೆ, ಕಲಿಕೆಗೆ ಹಣ ಇಡುವುದಿಲ್ಲ. ಇದು ಬದಲಾಗಬೇಕು. ಆದರೆ ಸಂಬಳವಿಲ್ಲದೆ ಸಮಯ ಕೊಟ್ಟವರ ಪಟ್ಟಿ ಮಾಡುವಾಗ, ಕೂಲಿ ಬಿಟ್ಟು ಪ್ರಶ್ನೆಗಳಿಗೆ ಉತ್ತರಿಸಿದವರ ಹೆಸರೂ ಅದರಲ್ಲಿರಬೇಕು.

ಮನೆಮನೆಯ ಸಾಲ, ಕಾಯಿಲೆಯ ಗುಟ್ಟುಗಳನ್ನು ಊರೆದುರು ಓದಿದರೆ ಅನಾಹುತವಾಗುವುದಿಲ್ಲವೇ? ಖಂಡಿತ ಆಗುತ್ತದೆ, ಅದಕ್ಕೇ ಹಾಗೆ ಓದಬಾರದು. ಸಾರ್ವಜನಿಕ ಹಣದ ಲೆಕ್ಕವೇ ಬೇರೆ, ಮನೆಯೊಳಗಿನ ಸಂಗತಿಯೇ ಬೇರೆ. ಊರಿನಲ್ಲಿ ಎಷ್ಟು ಮಕ್ಕಳು ಓದಲಾರರು, ಎಷ್ಟು ಕೊಳವೆಬಾವಿ ಬತ್ತಿವೆ, ಎಷ್ಟು ವೃದ್ಧರಿಗೆ ಪಿಂಚಣಿ ಬರುತ್ತಿಲ್ಲ ಎಂಬ ಒಟ್ಟು ಲೆಕ್ಕ ಹೇಳಲು ಯಾರ ಹೆಸರೂ ಬೇಕಾಗಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು ಎಂಬ ವಿವೇಚನೆಯೂ ಇಂಟರ್ನ್‌ಶಿಪ್ ಕಲಿಸಬೇಕಾದ ಪಾಠವೇ.

ಮಾಹಿತಿಯನ್ನು ಊರಿಗೆ ಹಿಂದಿರುಗಿಸುವುದು ಕಾಲೇಜುಗಳಿಗೆ ಖರ್ಚಿನ ಬಾಬತ್ತೂ ಅಲ್ಲ. ವರದಿಗೆ ಅಂಕ ಹಾಕುವ ಮೊದಲು, ಅದರ ಎರಡು ಪುಟದ ಸಾರಾಂಶ ಕನ್ನಡದಲ್ಲಿ ಸಂಘಕ್ಕೋ ಗ್ರಾಮ ಪಂಚಾಯಿತಿಗೋ ತಲುಪಿದೆಯೇ, ಅಲ್ಲಿನವರು ಅದನ್ನು ಕೇಳಿ ಏನು ತಿದ್ದಿದರು ಎಂದು ಕೇಳಬೇಕು. ಆ ತಿದ್ದುಪಡಿ ಇಲ್ಲದ ವರದಿಯನ್ನು ಅಪೂರ್ಣವೆಂದು ವಾಪಸು ಕಳಿಸಬೇಕು. ಮುಂದಿನ ರಜೆಗೆ ಇಂಟರ್ನ್‌ಗಳನ್ನು ಕಳಿಸುವ ಅಧ್ಯಾಪಕರು ಈ ಒಂದು ನಿಯಮವನ್ನು ಈ ವರ್ಷವೇ ಜಾರಿಗೆ ತರಲಿ.